ರಾಷ್ಟ್ರದುರಂತದ ಸುದ್ದಿ ಮತ್ತು ವೈಯಕ್ತಿಕ ಸ್ಮರಣೆ

೧

೧೯೪೮ನೆಯ ಇಸವಿ ಜನವರಿ ೩೦, ಶುಕ್ರವಾರ. ಸಂಜೆ ಐದು ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ, ದೆಹಲಿಯ ಬಿರ್ಲಾ ಭವನದ ಪ್ರಾರ್ಥನಾಸಭೆಗೆ ನಡೆದುಬರುತ್ತಿದ್ದ ಮಹಾತ್ಮಾ ಗಾಂಧಿಯವರು ಕೊಲೆಗಾರನ ಗುಂಡಿಗೆ ಬಲಿಯಾದರು. ಆಗ ತಿಳಿವಳಿಕೆ ಬಂದಿದ್ದ ಯಾರನ್ನಾದರೂ ‘ಆ ಸುದ್ದಿ ಕೇಳಿದಾಗ ತಾವು ಎಲ್ಲಿದ್ದಿರಿ?’ ಎಂದು ಪ್ರಶ್ನಿಸಿದರೆ ಉತ್ತರವು ಸಾಮಾನ್ಯವಾಗಿ ತಡವಿಲ್ಲದೆ ಬರುತ್ತದೆ. ಕುಳಿತಿದ್ದ ಜಗುಲಿ, ಸುದ್ದಿ ತಂದವರ ಮುಖ, ಆ ರಾತ್ರಿ ಒಲೆ ಹೊತ್ತದ ಮನೆ ಮೊದಲಾದ ವಿವರಗಳು ನಿನ್ನೆ ಕಂಡವುಗಳಂತೆ ಹೊರಬರುತ್ತವೆ. ಅದರ ಹಿಂದಿನ ಶುಕ್ರವಾರದ ವಿಚಾರವಾಗಿಯಾದರೋ ಅದೇ ವ್ಯಕ್ತಿಗೆ ಏನೊಂದೂ ನೆನಪಿರುವುದಿಲ್ಲ.

ಈ ಅಂತರಕ್ಕೆ ಕಾರಣವೇನು, ಇಂಥ ಸ್ಮರಣೆಯನ್ನು ಎಷ್ಟರಮಟ್ಟಿಗೆ ಪ್ರಮಾಣವೆಂದು ಸ್ವೀಕರಿಸಬಹುದು ಎಂಬ ಎರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸುತ್ತೇವೆ. ಅಂದು ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತೈದನ್ನು ದಾಟಿದ್ದಾರೆ. ಅವರ ಮಾತನ್ನು ಬರೆದಿಟ್ಟುಕೊಳ್ಳಲು ಉಳಿದಿರುವ ಕಾಲ ಅತ್ಯಲ್ಪ. ಹೇಗೆ ಬರೆದಿಟ್ಟುಕೊಳ್ಳಬೇಕೆಂಬುದನ್ನು ತಿಳಿಯದೆ ಆ ಕೆಲಸಕ್ಕೆ ತೊಡಗುವುದು ಯುಕ್ತವಲ್ಲ.

೨

ಈ ವಿಷಯವನ್ನು ಮೊಟ್ಟಮೊದಲು ಕ್ರಮಬದ್ಧವಾಗಿ ಕೇಳಿ ನೋಡಿದವರಲ್ಲಿ ಅಮೆರಿಕದ ಕೋಲ್‌ಗ್ರೋವ್ ಎಂಬವರು ಒಬ್ಬರು. ಅಧ್ಯಕ್ಷ ಲಿಂಕನ್ನರ ಹತ್ಯೆ ನಡೆದದ್ದು ೧೮೬೫ರಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷಗಳ ತರುವಾಯ ಅವರು ೧೭೯ ಮಂದಿಯನ್ನು ವಿಚಾರಿಸಿದಾಗ ೧೨೭ ಮಂದಿ ತಾವಿದ್ದ ಸ್ಥಳವನ್ನೂ ಸುದ್ದಿ ಬಂದ ಬಗೆಯನ್ನೂ ಸವಿವರವಾಗಿ ಹೇಳಿದರು. ೧೮೯೯ರಲ್ಲಿ ಇದು ಪ್ರಕಟವಾಯಿತು.

೧೯೭೭ರಲ್ಲಿ ಬ್ರೌನ್ ಮತ್ತು ಕ್ಯೂಲಿಕ್ ಎಂಬ ವಿದ್ವಾಂಸರು ೧೯೬೩ರ ಕೆನೆಡಿ ಹತ್ಯೆಯನ್ನು ಕುರಿತು ೮೦ ಮಂದಿ ಅಮೆರಿಕನ್ನರನ್ನು ಪ್ರಶ್ನಿಸಿದರು. ಒಬ್ಬರ ಹೊರತು ಉಳಿದೆಲ್ಲರಿಗೂ ಆ ಗಳಿಗೆಯ ನೆನಪಿತ್ತು. ಸ್ಥಳ, ಮಾಡುತ್ತಿದ್ದ ಕೆಲಸ, ಸುದ್ದಿ ತಂದವರು, ತಮ್ಮ ಮನಃಸ್ಥಿತಿ, ಸುತ್ತಲಿನವರ ಮನಃಸ್ಥಿತಿ, ಅನಂತರ ನಡೆದದ್ದು ಎಂಬ ಆರು ಅಂಶಗಳು ಉತ್ತರಗಳಲ್ಲಿ ಮತ್ತೆ ಮತ್ತೆ ಬಂದವು. ಕತ್ತಲೆಯಲ್ಲಿ ಒಮ್ಮೆ ಮಿಂಚುದೀಪ ಬೆಳಗಿ ಛಾಯಾಚಿತ್ರ ತೆಗೆದಂತೆ ಮನಸ್ಸು ಆ ಕ್ಷಣವನ್ನು ಅಚ್ಚೊತ್ತಿಕೊಳ್ಳುತ್ತದೆಂದು ಭಾವಿಸಿ ಅವರು ಇದಕ್ಕೆ ‘ಫ್ಲ್ಯಾಷ್‌ಬಲ್ಬ್ ಸ್ಮರಣೆ’ ಎಂದು ಹೆಸರಿಟ್ಟರು. ನಾವು ಇದನ್ನು ‘ಮಿಂಚುದೀಪದ ಸ್ಮರಣೆ’ ಎಂದು ಕರೆಯಬಹುದು. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಹೊರಬಿದ್ದಿತು. ೧೯೬೮ರಲ್ಲಿ ಹತರಾದ ಮಾರ್ಟಿನ್ ಲೂಥರ್ ಕಿಂಗರ ಸುದ್ದಿ ಕಪ್ಪು ಜನರಲ್ಲಿ ಮುಕ್ಕಾಲು ಪಾಲಿಗೆ ಹೀಗೆ ನೆನಪಿದ್ದರೆ, ಬಿಳಿಯರಲ್ಲಿ ಸುಮಾರು ಮೂರನೆಯ ಒಂದು ಪಾಲಿಗೆ ಮಾತ್ರ ನೆನಪಿತ್ತು. ಯಾರ ಬಾಳಿಗೆ ಯಾವ ಸಾವು ತಟ್ಟಿತೋ ಅವರಲ್ಲಿಯೇ ಅದರ ಗುರುತು ಆಳವಾಗಿ ಉಳಿಯುತ್ತದೆಂಬುದು ಇದರಿಂದ ವಿಶದವಾಗುತ್ತದೆ.

೩

ಆದರೆ ಈ ಅಧ್ಯಯನಗಳಲ್ಲಿ ಒಂದು ಕೊರತೆಯಿತ್ತು. ಜನರು ವಿವರಗಳನ್ನು ಹೇಳಿದರೆಂಬುದು ನಿಜ. ಆ ವಿವರಗಳು ನಿಜವೇ ಎಂದು ಒರೆಹಚ್ಚಲು ಅಂದಿನ ಬರಹ ಕೈಯಲ್ಲಿರಲಿಲ್ಲ. ಈ ಕೊರತೆಯನ್ನು ತುಂಬಿದವರು ನೈಸರ್ ಮತ್ತು ಹಾರ್ಷ್. ೧೯೮೬ರ ಜನವರಿ ೨೮ರಂದು ‘ಚಾಲೆಂಜರ್’ ಆಕಾಶನೌಕೆ ಏಳು ಮಂದಿಯೊಡನೆ ನಾಶವಾಯಿತು. ಮರುದಿನ ಬೆಳಗ್ಗೆಯೇ ಅವರು ಎಮೋರಿ ವಿಶ್ವವಿದ್ಯಾನಿಲಯದ ೧೦೬ ಮಂದಿ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದ ಸಂದರ್ಭವನ್ನು ಬರೆಯಿಸಿಕೊಂಡರು. ಎರಡೂವರೆ ವರ್ಷಗಳ ಮೇಲೆ ಅವರಲ್ಲಿ ೪೪ ಮಂದಿ ಅದೇ ಪ್ರಶ್ನೆಗಳಿಗೆ ಪುನಃ ಉತ್ತರ ಬರೆದರು. ಎರಡು ಬರಹಗಳ ಹೊಂದಾಣಿಕೆಗೆ ಏಳು ಅಂಕಗಳನ್ನು ಗೊತ್ತುಮಾಡಿದ್ದರು. ಸರಾಸರಿ ಮೂರು ಅಂಕಗಳೂ ಬರಲಿಲ್ಲ. ೧೧ ಮಂದಿಯದು ಸೊನ್ನೆ. ಪೂರ್ಣಾಂಕ ಪಡೆದವರು ಮೂವರು ಮಾತ್ರ. ಆದರೂ ತಮ್ಮ ನೆನಪಿನ ಬಗೆಗೆ ಅವರಿಗಿದ್ದ ನಂಬಿಕೆ ಐದರಲ್ಲಿ ನಾಲ್ಕನ್ನು ಮೀರಿತ್ತು. ತಮ್ಮದೇ ಹಸ್ತಾಕ್ಷರದ ಮೊದಲ ಬರಹವನ್ನು ತೋರಿಸಿದಾಗಲೂ ಅದರಲ್ಲಿದ್ದ ಸಂಗತಿ ಅವರ ನೆನಪಿಗೆ ಬರಲಿಲ್ಲ.

ಇದು ಕೇವಲ ಮರೆವಲ್ಲ. ಗೆಳೆಯರ ಬಾಯಿಂದ ಮೊದಲು ಸುದ್ದಿ ಕೇಳಿದ್ದ ಕೆಲವರು ತಾವು ಅದನ್ನು ದೂರದರ್ಶನದಲ್ಲಿಯೇ ಮೊದಲು ನೋಡಿದುದಾಗಿ ಅನಂತರ ಬರೆದರು. ದೊಡ್ಡ ಸುದ್ದಿಯನ್ನು ನಾವು ಒಮ್ಮೆ ಕೇಳಿ ಬಿಡುವುದಿಲ್ಲ. ಅದನ್ನು ಹಲವು ಬಾರಿ ಕೇಳುತ್ತೇವೆ, ನೋಡುತ್ತೇವೆ, ಇತರರಿಗೆ ಹೇಳುತ್ತೇವೆ. ಈ ಪೈಕಿ ಹೆಚ್ಚು ಸ್ಫುಟವಾದ ಒಂದು ಅನುಭವವು ಕಾಲಕ್ರಮದಲ್ಲಿ ಮೊದಲನೆಯದರ ಸ್ಥಾನವನ್ನು ಆಕ್ರಮಿಸುತ್ತದೆ.

ಅಮೆರಿಕದಲ್ಲಿ ೨೦೦೧ರ ಸೆಪ್ಟೆಂಬರ್ ೧೧ರ ದುರಂತದ ಮರುದಿನವೇ ಟಲರಿಕೊ ಮತ್ತು ರೂಬಿನ್ ಎಂಬವರು ೫೪ ಮಂದಿ ವಿದ್ಯಾರ್ಥಿಗಳಿಂದ ಆ ನೆನಪನ್ನೂ ಅದೇ ದಿನಗಳ ಒಂದು ಸಾಮಾನ್ಯ ಘಟನೆಯ ನೆನಪನ್ನೂ ಬರೆಯಿಸಿಕೊಂಡರು. ದಿನ ಕಳೆದಂತೆ ಎರಡೂ ಒಂದೇ ಪ್ರಮಾಣದಲ್ಲಿ ಸಡಿಲವಾದವು. ದುರಂತದ ನೆನಪಿನಲ್ಲಿ ವಿಶೇಷವಾಗಿ ಉಳಿದದ್ದು ಅದರ ನಿಚ್ಚಳತೆ ಮತ್ತು ಅದರ ಮೇಲಿನ ನಂಬಿಕೆ. ಅದೇ ದುರಂತವನ್ನು ಕುರಿತು ಹರ್ಸ್ಟ್ ಮತ್ತು ಅವರ ಸಹೋದ್ಯೋಗಿಗಳು ಹತ್ತು ವರ್ಷಗಳ ಕಾಲ ನಡೆಸಿದ ಅಧ್ಯಯನದ ಪ್ರಕಾರ ಮರೆವಿನ ಬಹುಭಾಗ ಮೊದಲ ವರ್ಷದಲ್ಲಿಯೇ ಸಂಭವಿಸುತ್ತದೆ. ಬಳಿಕ ಕಥನವು ಹೆಪ್ಪುಗಟ್ಟುತ್ತದೆ, ಅದರೊಳಗೆ ಸೇರಿದ ತಪ್ಪುಗಳೂ ಹಾಗೆಯೇ ನಿಲ್ಲುತ್ತವೆ.

೪

ಇಷ್ಟರಿಂದ ಹಿರಿಯರ ನೆನಪೆಲ್ಲ ಹುಸಿಯೆಂದು ತೀರ್ಮಾನಿಸುವುದು ಸರಿಯಲ್ಲ. ಜರ್ಮನ್ ಸೇನೆ ಡೆನ್ಮಾರ್ಕನ್ನು ೧೯೪೦ರ ಏಪ್ರಿಲ್ ೯ರಂದು ಆಕ್ರಮಿಸಿತು. ೧೯೪೫ರ ಮೇ ತಿಂಗಳಲ್ಲಿ ಆ ದೇಶ ಬಿಡುಗಡೆ ಹೊಂದಿತು. ಬರ್ನ್‌ಟ್‌ಸೆನ್ ಮತ್ತು ಥಾಮ್ಸನ್ ಎಂಬ ಸಂಶೋಧಕರು ೧೪೫ ಮಂದಿ ವೃದ್ಧರನ್ನು ಆ ದಿನಗಳ ವಾರ, ಹವೆ, ಬಿಡುಗಡೆಯ ಸುದ್ದಿ ರೇಡಿಯೋದಲ್ಲಿ ಬಂದ ವೇಳೆ ಮೊದಲಾದುವನ್ನು ಕುರಿತು ಕೇಳಿ, ದಾಖಲೆಗಳೊಡನೆ ಹೋಲಿಸಿದರು. ೨೦೦೫ರಲ್ಲಿ ಪ್ರಕಟವಾದ ಇವರ ವರದಿಯಂತೆ, ಆ ಕಾಲವನ್ನು ಕಾಣದ ಕಿರಿಯರಿಗಿಂತ ವೃದ್ಧರ ಉತ್ತರಗಳು ಬಹುಮಟ್ಟಿಗೆ ನಿಖರವಾಗಿದ್ದವು. ಪ್ರತಿರೋಧ ಚಳವಳಿಯ ಸಂಬಂಧವಿದ್ದವರಲ್ಲಿ ಇನ್ನೂ ಹೆಚ್ಚು ನಿಖರವಾಗಿದ್ದವು. ಅರವತ್ತು ವರ್ಷಗಳಾದ ಮೇಲೂ ಸತ್ಯಾಂಶ ಉಳಿಯಬಲ್ಲದು. ಆದರೆ ಅದನ್ನು ಗುರುತಿಸಲು ಹೊರಗಿನ ಆಧಾರ ಬೇಕು. ಹೇಳುವವರ ದೃಢತೆಯೊಂದೇ ಸಾಲದು.

೫

ಈ ತತ್ತ್ವವನ್ನು ಕನ್ನಡನಾಡಿನ ೧೯೪೮ರ ನೆನಪುಗಳಿಗೆ ಅನ್ವಯಿಸಿ ನೋಡೋಣ. ಆಗ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಆದಕಾರಣ ಸುದ್ದಿ ಬಂದ ದಾರಿಯೂ ಎಲ್ಲೆಡೆ ಒಂದೇ ಆಗಿರಲಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಸ್ಥಾಪಿಸಿದ ‘ಆಕಾಶವಾಣಿ’ ಬಾನುಲಿ ಕೇಂದ್ರವಿತ್ತು. ಧಾರವಾಡದ ಬಾನುಲಿ ಕೇಂದ್ರ ಆರಂಭವಾದದ್ದು ೧೯೫೦ರಲ್ಲಿ. ‘ಪ್ರಜಾವಾಣಿ’ ಪತ್ರಿಕೆ ಹುಟ್ಟಿದ್ದು ೧೯೪೮ರ ಅಕ್ಟೋಬರಿನಲ್ಲಿ. ಮರುದಿನದ ‘ಪ್ರಜಾವಾಣಿ’ಯಲ್ಲಿ ಸುದ್ದಿ ಓದಿದೆನೆಂದಾಗಲಿ, ಅಂದು ಸಂಜೆ ಧಾರವಾಡ ಕೇಂದ್ರದಿಂದಲೇ ಕೇಳಿದೆನೆಂದಾಗಲಿ ಯಾರಾದರೂ ಹೇಳಿದರೆ, ಬಹುಕಾಲ ಓದಿದ ಪತ್ರಿಕೆಯ, ಬಹುಕಾಲ ಕೇಳಿದ ಕೇಂದ್ರದ ಹೆಸರು ಹಳೆಯ ನೆನಪಿಗೆ ಅಂಟಿಕೊಂಡಿದೆಯೆಂದು ತಿಳಿಯಬೇಕು. ಹೆಸರು ತಪ್ಪಾದ ಮಾತ್ರಕ್ಕೆ ಅನುಭವವೇ ಸುಳ್ಳಾಗುವುದಿಲ್ಲ.

ಹಾಗೆಯೇ, ಶಾಲೆಯಲ್ಲಿ ಗಂಟೆ ಬಾರಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಪಾಧ್ಯಾಯರು ಸುದ್ದಿ ತಿಳಿಸಿದರೆಂಬ ನೆನಪನ್ನು ಪರಿಶೀಲಿಸಬಹುದು. ಘಟನೆ ನಡೆದದ್ದು ಸಂಜೆ ಐದರ ಮೇಲೆ. ಆದುದರಿಂದ ಇದು ಬಹುಶಃ ಶನಿವಾರ ಬೆಳಗಿನ ನೆನಪು. ಶುಕ್ರವಾರ ರಾತ್ರಿ ಮನೆಯಲ್ಲಿ ಕೇಳಿದ ಅಸ್ಪಷ್ಟ ಮಾತು ಅದರ ಕೆಳಗೆ ಮುಚ್ಚಿಹೋಗಿರಬಹುದು. ಆ ರಾತ್ರಿ ನೆಹರೂ ಅವರು ರೇಡಿಯೋದಲ್ಲಿ ಮಾಡಿದ ಭಾಷಣದ ವಿಷಯವೂ ಇಂಥದೇ. ಮುದ್ರಿತ ಧ್ವನಿಯನ್ನು ಮುಂದೆ ಅನೇಕ ಸಲ ಕೇಳಿದವರು ಅಂದು ಕೇಳಿದ್ದನ್ನೂ ಅನಂತರ ಕೇಳಿದ್ದನ್ನೂ ಬೇರ್ಪಡಿಸುವುದು ಸುಲಭವಲ್ಲ.

೬

ಸಂಗ್ರಹಕಾರರು ಕೆಲವು ನಿಯಮಗಳನ್ನು ಪಾಲಿಸಬೇಕೆಂದು ನಮ್ಮ ಅಭಿಪ್ರಾಯ. ಹಿರಿಯರು ತಾವಾಗಿ ಹೇಳುವುದನ್ನು ಮೊದಲು ಪೂರ್ತಿಯಾಗಿ ಕೇಳಬೇಕು, ‘ರೇಡಿಯೋದಲ್ಲಿ ಕೇಳಿದಿರಾ?’ ಎಂದು ಉತ್ತರವನ್ನು ಸೂಚಿಸುವ ಪ್ರಶ್ನೆ ಹಾಕಬಾರದು. ಕಣ್ಣಾರೆ ಕಂಡದ್ದು, ಅಂದೇ ಕೇಳಿದ್ದು, ಮುಂದೆ ತಿಳಿದದ್ದು ಎಂಬ ಮೂರನ್ನು ಬೇರೆ ಬೇರೆಯಾಗಿ ವಿಚಾರಿಸಬೇಕು. ದಿನಚರಿ, ಕಾಗದಪತ್ರ, ಶಾಲೆಯ ಹಾಜರಿ ಪುಸ್ತಕ, ಅಂದಿನ ಪತ್ರಿಕೆಗಳೊಡನೆ ಹೋಲಿಸಿ, ವ್ಯತ್ಯಾಸ ಕಂಡುಬಂದಲ್ಲಿ ಮೂಲ ಹೇಳಿಕೆಯನ್ನು ತಿದ್ದದೆ ಪಕ್ಕದಲ್ಲಿ ಗುರುತು ಹಾಕಬೇಕು.

ಇಂಥ ನೆನಪುಗಳನ್ನು ಜನರು ಇಷ್ಟು ಜೋಪಾನವಾಗಿ ಕಾಪಾಡಿಕೊಳ್ಳುವುದಕ್ಕೆ ನೈಸರ್ ಒಂದು ಕಾರಣವನ್ನು ಸೂಚಿಸಿದ್ದಾರೆ: ನಮ್ಮ ಸ್ವಂತ ಬಾಳು ದೇಶದ ಇತಿಹಾಸವನ್ನು ಸಂಧಿಸಿದ ಸ್ಥಳಗಳು ಅವು. ದೆಹಲಿಯಲ್ಲಿ ಏನು ನಡೆಯಿತೆಂಬುದಕ್ಕೆ ಹಳ್ಳಿಯ ಬಾಲಕನೊಬ್ಬನ ನೆನಪು ಸಾಕ್ಷಿಯಾಗಲಾರದು. ಆದರೆ ಆ ಸುದ್ದಿ ಅವನ ಮನೆಯ ಹೊಸ್ತಿಲನ್ನು ಹೇಗೆ ದಾಟಿತು, ಹಿರಿಯರು ಹೇಗೆ ಮೌನವಾದರು, ತನಗೆ ತಿಳಿಯದ ಭಯ ಏನಿತ್ತು ಎಂಬುದಕ್ಕೆ ಬೇರೆ ದಾಖಲೆ ಸಿಗುವುದು ವಿರಳ. ನಿಖರತೆಯನ್ನು ಪರೀಕ್ಷಿಸುತ್ತಲೇ ಆ ಮಾತಿನ ಬೆಲೆಯನ್ನು ಅರಿತು ಕಾಪಾಡುವುದು ನಮ್ಮೆಲ್ಲರ ಕರ್ತವ್ಯ.