ಗೆಳತಿಯರ ರೊಟ್ಟಿ ಲೆಕ್ಕ

ಕಲಬುರಗಿ, ವಿಜಯಪುರ, ಧಾರವಾಡ ಕಡೆ ಹೆಣ್ಣುಮಕ್ಕಳು ಜೋಳದ ರೊಟ್ಟಿ ಮಾಡಿ ಮಾರುತ್ತಾರೆ. ಖಡಕ್ ರೊಟ್ಟಿ ಬೇಗ ಕೆಡುವುದಿಲ್ಲ. ಖಾನಾವಳಿಗೆ, ಮದುವೆ ಮನೆಗೆ, ದೂರದ ಪೇಟೆಗೆ ಹೋಗುತ್ತದೆ. ದಿನಾ ನೂರು ರೊಟ್ಟಿ ಬೇಕೆಂದರೆ ಎರಡು ಒಲೆ, ನಾಲ್ಕು ಕೈ ಬೇಕು. ಆಗ ನಮಗೆ ಮೊದಲು ನೆನಪಾಗುವವಳು ಯಾರು? ಗೆಳತಿ.

ಗೆಳತಿ ಜೊತೆ ಕೆಲಸ ಮಾಡಿದರೆ ದಣಿವು ಗೊತ್ತಾಗುವುದಿಲ್ಲ. ಮಾತಾಡುತ್ತಾ ಮಾತಾಡುತ್ತಾ ರೊಟ್ಟಿ ಆಗಿಬಿಡುತ್ತವೆ. ಕಷ್ಟ ಬರುವುದು ಬೇರೆ ಕಡೆಯಿಂದ. ಕೂಲಿಗೆ ಬಂದವಳು ತಡ ಮಾಡಿದರೆ, "ಯಾಕವ್ವಾ ಇಷ್ಟು ಹೊತ್ತು?" ಅಂತ ಕೇಳುತ್ತೇವೆ. ಗೆಳತಿಯನ್ನು ಕೇಳೋಕೆ ಬಾಯಿ ಬರೋದಿಲ್ಲ. ಅವಳ ರೊಟ್ಟಿ ಸೀದರೂ ಸುಮ್ಮನಿರುತ್ತೇವೆ. ಎಲ್ಲಾ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತೇವೆ. ಆರು ತಿಂಗಳು ಇಟ್ಟುಕೊಂಡದ್ದು ಒಂದು ದಿನ ಹೊರಗೆ ಬೀಳುತ್ತದೆ. ಅದೂ ಗಿರಾಕಿಯ ಎದುರಿಗೆ! ವ್ಯಾಪಾರ ಹಾಳಾಗುತ್ತದೆ. ಗೆಳೆತನವೂ ಮುರಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಹಣದ್ದು. "ನಮ್ಮ ನಮ್ಮೊಳಗೆ ಎಂಥಾ ಬರವಣಿಗೆ?" ಅನ್ನುತ್ತೇವೆ. ಬರೆದಿಡೋಣ ಅಂದರೆ, ನಂಬಿಕೆ ಇಲ್ಲ ಅಂದುಕೊಂಡಾಳು ಎಂಬ ಅಳುಕು. ಈ ಅಳುಕು ಬೇಡ. ಮಾತಾಡಿಕೊಳ್ಳದಿದ್ದರೆ ಏನಾಗುತ್ತದೆ ನೋಡಿ.

ನಮ್ಮ ದೇಶದಲ್ಲಿ 1932ರ ಪಾಲುದಾರಿಕೆ ಕಾಯಿದೆ ಇದೆ. ಲಾಭ ಹಂಚಿಕೊಳ್ಳುವ ಮಾತಿನ ಮೇಲೆ ಸೇರಿ ವ್ಯಾಪಾರ ಮಾಡುವವರಿಗೆ ಅದು ಅನ್ವಯಿಸುತ್ತದೆ. ತಮ್ಮೊಳಗೆ ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ಎಲ್ಲರಿಗೂ ಸಮ. ನಷ್ಟವೂ ಸಮ. ಹೆಚ್ಚು ದುಡಿದವಳಿಗೆ ಬೇರೆ ಕೂಲಿ ಇಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚಿದವಳಿಗೂ ಒಂದೇ ಪಾಲು, ಹತ್ತು ಗಂಟೆಗೆ ಬಂದವಳಿಗೂ ಒಂದೇ ಪಾಲು. ಇದು ಬೇಡವಾದರೆ ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಆದರೆ ಜಗಳ ಬಂದಾಗ ಅದಕ್ಕೆ ಸಾಕ್ಷಿ ಯಾರು?

ಒಂದು ಲೆಕ್ಕ ಹಾಕೋಣ. ಇಬ್ಬರೂ ಸೇರಿ 100 ರೊಟ್ಟಿ ಮಾಡಿದರು ಅನ್ನೋಣ. ಒಂದಕ್ಕೆ 8 ರೂಪಾಯಿ. ಬಂದದ್ದು 800 ರೂಪಾಯಿ. ಜೋಳ, ಗಿರಣಿ, ಉರುವಲು ಸೇರಿ ಖರ್ಚು 400. ಉಳಿದದ್ದು 400. ಸಮ ಹಂಚಿದರೆ ತಲಾ 200.

ಆದರೆ ಒಬ್ಬಳು ಮಾಡಿದ್ದು 60 ರೊಟ್ಟಿ, ಇನ್ನೊಬ್ಬಳು 40. ರೊಟ್ಟಿಗೆ 2 ರೂಪಾಯಿ ಕೂಲಿ ಅಂತ ಮೊದಲೇ ಬರೆದುಕೊಂಡಿದ್ದರೆ? ಒಬ್ಬಳಿಗೆ ಕೂಲಿ 120, ಇನ್ನೊಬ್ಬಳಿಗೆ 80. ಕೂಲಿ ಕಳೆದು ಉಳಿದ 200ರಲ್ಲಿ ತಲಾ 100. ಒಟ್ಟು 220 ಮತ್ತು 180. ಮೈ ಹುಷಾರಿಲ್ಲದ ದಿನ ಕಡಿಮೆ ಮಾಡಿದವಳಿಗೂ ಮುಜುಗರವಿಲ್ಲ. ಹೆಚ್ಚು ಮಾಡಿದವಳಿಗೂ ಹೊಟ್ಟೆಯುರಿ ಇಲ್ಲ. ನಮಗಂತೂ ಈ ರೀತಿಯೇ ಸರಿ ಅನ್ನಿಸುತ್ತದೆ. ಸಮ ಹಂಚುವುದೇ ಇಷ್ಟ ಅನ್ನುವವರು ಹಾಗೇ ಬರೆದುಕೊಳ್ಳಲಿ.

ಉದ್ರಿಯ ಬಗ್ಗೆ ಮಾತ್ರ ಎಚ್ಚರ ಬೇಕು. ಪಾಲಿನ ವ್ಯಾಪಾರಕ್ಕೆಂದು ಒಬ್ಬಳು ಜೋಳ ಉದ್ರಿ ತಂದರೆ, ಅಂಗಡಿಯವನು ಅಷ್ಟೂ ಹಣವನ್ನು ಇನ್ನೊಬ್ಬಳ ಹತ್ತಿರವೂ ಕೇಳಬಹುದು. ಅದಕ್ಕೇ ಉದ್ರಿ ತಂದ ದಿನವೇ ಬರೆಯಬೇಕು. ಲೆಕ್ಕದ ಪುಸ್ತಕ ಯಾರ ಮನೆಯಲ್ಲೇ ಇರಲಿ, ಅದನ್ನು ನೋಡುವ, ನಕಲು ಮಾಡಿಕೊಳ್ಳುವ ಹಕ್ಕು ಇಬ್ಬರಿಗೂ ಇದೆ. ಇದೂ ಅದೇ ಕಾಯಿದೆಯ ಮಾತು. "ಸ್ವಲ್ಪ ಪುಸ್ತಕ ಕೊಡು, ನೋಡ್ತೀನಿ" ಅಂದರೆ ಅದು ಅನುಮಾನ ಅಲ್ಲ.

ಮೊದಲ ಪುಟದಲ್ಲಿ ಹಂಚು ಯಾರದು, ಪರಾತ ಯಾರದು, ಒಲೆಗೆ ಯಾರು ಎಷ್ಟು ಹಾಕಿದರು ಅಂತ ಇರಲಿ. ಮುಂದೆ ಒಬ್ಬಳು ಕೆಲಸ ಬಿಟ್ಟರೆ ಆ ಪುಟ ಬೇಕಾಗುತ್ತದೆ. ಆಮೇಲಿನ ಪುಟಗಳಲ್ಲಿ ತಾರೀಖು, ಯಾರು ಎಷ್ಟು ರೊಟ್ಟಿ ಮಾಡಿದರು, ಖರ್ಚು, ಮಾರಾಟ, ಉದ್ರಿ. ವಾರಕ್ಕೊಮ್ಮೆ ಇಬ್ಬರೂ ಕೂತು ಕೂಡಿಸಿ ರುಜು ಹಾಕಿ. ತಡವಾದದ್ದು, ಸೀದದ್ದು, ಮನಸ್ಸಿಗೆ ಬೇಜಾರಾದದ್ದು, ಎಲ್ಲಾ ಆಗಲೇ ಹೇಳಿಕೊಳ್ಳಬಹುದು. ಆ ಹೊತ್ತಿಗೆ ಗಿರಾಕಿ ಇರುವುದಿಲ್ಲ, ಒಲೆಯೂ ಆರಿರುತ್ತದೆ.

ಗೆಳತಿಗೆ ಇನ್ನೂ ಓದಲು ಬಾರದಿದ್ದರೆ ಪುಸ್ತಕವನ್ನು ಓದಿ ಹೇಳಿ. ಮೊದಲು ಅಂಕಿ ಕಲಿಸಿ. ರೊಟ್ಟಿ ಎಣಿಸುತ್ತಲೇ ಕಲಿಸಬಹುದು.