ಜಾವಾದ ‘ರೆಕಾರ್ಡ್’: ಮಾಹಿತಿ ಕಟ್ಟಿಡುವ ಸರಳ ವಿಧಾನ

ಒಟ್ಟಿಗೆ ಇರಬೇಕಾದ ನಾಲ್ಕಾರು ಮಾಹಿತಿಗಳನ್ನು ಕಟ್ಟಿಡುವ ಕೆಲಸ ಪ್ರತಿಯೊಂದು ತಂತ್ರಾಂಶದಲ್ಲೂ ಬರುತ್ತದೆ. ಉದಾಹರಣೆಗೆ ದಿನದ ಮಳೆ ಲೆಕ್ಕ: ಸ್ಥಳ, ದಿನಾಂಕ, ಸುರಿದ ಮಳೆಯ ಮಿಲಿಮೀಟರ್. ಜಾವಾ ಭಾಷೆಯಲ್ಲಿ ಇದಕ್ಕೊಂದು ‘ಕ್ಲಾಸ್’ ಬರೆಯುವುದು ಹಿಂದಿನಿಂದ ಬಂದ ರೂಢಿ. ಕೆಲಸ ಚಿಕ್ಕದಾಗಿ ಕಂಡರೂ ತಪ್ಪು ನುಸುಳುವುದು ಇಲ್ಲಿಯೇ.

ಒಂದೇ ಸ್ಥಳದ ಒಂದೇ ದಿನದ ಅಳತೆ ಎರಡು ಬಾರಿ ದಾಖಲಾಗಿದೆ ಎಂದಿಟ್ಟುಕೊಳ್ಳಿ. ನಕಲು ತೆಗೆಯಲೆಂದು ಎಲ್ಲವನ್ನೂ ‘ಹ್ಯಾಶ್‌ಸೆಟ್’ಗೆ ಹಾಕಿದರೂ ಎರಡೂ ಉಳಿಯುತ್ತವೆ, ತಿಂಗಳ ಒಟ್ಟು ಮಳೆ ತಪ್ಪಾಗುತ್ತದೆ. ಬೇರೇನೂ ಹೇಳದಿದ್ದರೆ ಜಾವಾ ಒಳಗಿನ ಮಾಹಿತಿಯನ್ನು ಹೋಲಿಸುವುದಿಲ್ಲ. ಎರಡೂ ಒಂದೇ ಆಬ್ಜೆಕ್ಟ್ ಹೌದೇ ಎಂದಷ್ಟೇ ನೋಡುತ್ತದೆ. ಆದುದರಿಂದ ‘ಈಕ್ವಲ್ಸ್’ ಮತ್ತು ‘ಹ್ಯಾಶ್‌ಕೋಡ್’ ಎಂಬ ಎರಡು ಮೆಥಡ್‌ಗಳನ್ನು ಬರೆಯಬೇಕು. ಹ್ಯಾಶ್‌ಸೆಟ್ ಮೊದಲು ಹ್ಯಾಶ್‌ಕೋಡ್ ಸಂಖ್ಯೆಯಿಂದ ಖಾನೆಯನ್ನು ಗುರುತಿಸಿ, ಬಳಿಕ ಈಕ್ವಲ್ಸ್ ಮೂಲಕ ಹೋಲಿಸುತ್ತದೆ. ಎರಡರಲ್ಲಿ ಒಂದನ್ನು ಮರೆತರೂ ನಕಲು ಉಳಿಯಬಹುದು. ಮುಂದೆ ಇನ್ನೊಂದು ಮಾಹಿತಿ ಸೇರಿಸಿದಾಗ ಎರಡನ್ನೂ ತಿದ್ದಬೇಕು. ಮರೆತರೆ ಕಂಪೈಲರ್ ತಡೆಯುವುದಿಲ್ಲ.

ಈ ತೊಂದರೆಗೆ ಪರಿಹಾರವೇ ‘ರೆಕಾರ್ಡ್’. 2020ರಲ್ಲಿ ಜಾವಾ 14ರಲ್ಲಿ ಪ್ರಾಯೋಗಿಕವಾಗಿ ಬಂದ ಇದು 2021ರ ಮಾರ್ಚ್‌ನಲ್ಲಿ ಜಾವಾ 16ರೊಂದಿಗೆ ಭಾಷೆಯ ಖಾಯಂ ಅಂಗವಾಯಿತು. ರೆಕಾರ್ಡ್ ಎಂಬ ಪದ, ಅದಕ್ಕೊಂದು ಹೆಸರು, ಆವರಣದೊಳಗೆ ಸ್ಥಳ, ದಿನಾಂಕ, ಮಳೆ ಎಂದು ಒಂದು ಸಾಲು ಬರೆದರೆ ಸಾಕು. ಕನ್‌ಸ್ಟ್ರಕ್ಟರ್, ಮಾಹಿತಿ ಓದುವ ಮೆಥಡ್‌ಗಳು, ಈಕ್ವಲ್ಸ್, ಹ್ಯಾಶ್‌ಕೋಡ್, ಮುದ್ರಿಸಲು ಬೇಕಾದ ‘ಟುಸ್ಟ್ರಿಂಗ್’ ಎಲ್ಲವನ್ನೂ ಕಂಪೈಲರ್ ತಾನೇ ಒದಗಿಸುತ್ತದೆ. ಮಾಹಿತಿ ಸೇರಿಸಿದರೆ ಇವೂ ತಾವಾಗಿ ಬದಲಾಗುತ್ತವೆ. ಮಳೆಯ ಅಳತೆ ಸೊನ್ನೆಗಿಂತ ಕಡಿಮೆ ಇರಬಾರದೆಂಬ ಪರೀಕ್ಷೆಯನ್ನು ಕನ್‌ಸ್ಟ್ರಕ್ಟರ್‌ನಲ್ಲಿ ಸೇರಿಸಲೂ ಅವಕಾಶವಿದೆ.

ಒಮ್ಮೆ ತುಂಬಿದ ಮಾಹಿತಿಯ ಜಾಗಕ್ಕೆ ಬೇರೊಂದನ್ನು ಇಡಲಾಗದು. ಆದರೆ ಈ ರಕ್ಷಣೆ ಮೇಲ್ಪದರಕ್ಕೆ ಮಾತ್ರ. ರೆಕಾರ್ಡ್‌ನೊಳಗೆ ಒಂದು ‘ಲಿಸ್ಟ್’ ಇದ್ದರೆ ಆ ಲಿಸ್ಟ್‌ಗೆ ಹೊರಗಿನಿಂದ ಸೇರಿಸಲು, ಅಳಿಸಲು ಸಾಧ್ಯವಾಗಬಹುದು. ಕನ್‌ಸ್ಟ್ರಕ್ಟರ್‌ನಲ್ಲಿಯೇ ‘ಲಿಸ್ಟ್.ಕಾಪಿಆಫ್’ ಬಳಸಿ ಬದಲಾಗದ ಪ್ರತಿಯನ್ನು ಇಟ್ಟುಕೊಳ್ಳುವುದು ಕ್ಷೇಮ. ‘ಅರೇ’ ಇದ್ದರೆ ಇನ್ನೂ ಜಾಗ್ರತೆ ಬೇಕು: ಎರಡು ಅರೇಗಳ ಒಳಗಿನ ಅಂಕಿಗಳು ಒಂದೇ ಆಗಿದ್ದರೂ ರೆಕಾರ್ಡ್ ಅವುಗಳನ್ನು ಬೇರೆಯೆಂದೇ ಎಣಿಸುತ್ತದೆ.

ರೆಕಾರ್ಡ್ ಬೇರೊಂದು ಕ್ಲಾಸಿನಿಂದ ಗುಣ ಪಡೆಯಲಾರದು. ಆಗಾಗ ತಿದ್ದಬೇಕಾದ ಮಾಹಿತಿಗೆ ಹಳೆಯ ಕ್ಲಾಸೇ ಅನುಕೂಲ. ಬರೆದಿಟ್ಟ ಮೇಲೆ ಬದಲಾಗಬಾರದ ಲೆಕ್ಕಕ್ಕಾದರೆ ರೆಕಾರ್ಡ್ ಬಳಸುವುದೇ ಮೇಲು.