ಹಳೆಯ ಸಣ್ಣ ಟ್ರಾಕ್ಟರಿಗೆ ಹಿಂದಿನ ಕೊಂಡಿ: ಎಲ್ಲಿ ಕೂಡಿಸಬೇಕು, ಏಕೆ?



ರೋಣ ತಾಲೂಕಿನ ಬೆಳವಣಕಿಯಂಥ ಎರೆಭೂಮಿಯ ಊರುಗಳಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಸಾಲುಗಳ ನಡುವೆ ಎಡೆ ಹೊಡೆಯಲು ದೊಡ್ಡ ಟ್ರಾಕ್ಟರು ಒಗ್ಗುವುದಿಲ್ಲ. ಎತ್ತು ಸಾಕುವುದು ಭಾರವಾದವರಿಗೆ ಹಳೆಯ ಸಣ್ಣ ಟ್ರಾಕ್ಟರು ಒಂದು ದಾರಿ. ಆದರೆ ಹಲವು ಕೈ ದಾಟಿ ಬಂದ ಯಂತ್ರದಲ್ಲಿ ಎಂಜಿನ್ ಗಟ್ಟಿಯಾಗಿದ್ದರೂ ಹಿಂದಿನ ಕೊಂಡಿಗಳು ಕಳೆದುಹೋಗಿರುವುದುಂಟು. ಕುಂಟೆ, ಕೂರಿಗೆ ಕಟ್ಟಬೇಕಾದರೆ ಅವನ್ನು ಹೊಸದಾಗಿ ಕೂಡಿಸಬೇಕು.

ಪರದೆಯ ಮೇಲೆ ಬೋಲ್ಟು ಬಿಗಿಯುವುದು ಮೂರು ಕ್ಷಣದ ದೃಶ್ಯ. ಯಾವ ಬೋಲ್ಟು, ಎಲ್ಲಿ, ಏಕೆ ಎಂಬುದನ್ನು ನಿಧಾನವಾಗಿ ಓದಿ ತಿಳಿಯುವುದು ಒಳ್ಳೆಯದು. ಎಳೆಯುವ ಜಾಗ ಒಂದು ಗೇಣು ಮೇಲಾದರೂ ಟ್ರಾಕ್ಟರು ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳಬಹುದು.

ಮೂರು ಕೊಂಡಿಗಳ ಕೆಲಸ

ನೇಗಿಲಿನ ಈಸಿಗೆ ನೊಗದ ಹಗ್ಗವನ್ನು ಸ್ವಲ್ಪ ಹಿಂದೆ ಮುಂದೆ ಕಟ್ಟಿದರೆ ಕುಳ ಇಳಿಯುವ ಆಳ ಬದಲಾಗುತ್ತದೆ. ಇದು ನಿಮಗೆ ಗೊತ್ತಿದ್ದದ್ದೇ. ಎಳೆಯುವ ಜಾಗ ಮುಖ್ಯವೆಂಬ ಈ ತತ್ವವನ್ನೇ ಐರ್ಲೆಂಡಿನ ಹ್ಯಾರಿ ಫರ್ಗುಸನ್ ಟ್ರಾಕ್ಟರಿಗೆ ಅಳವಡಿಸಿದರು. ಕೆಳಗೆ ಎರಡು, ಮೇಲೆ ಒಂದು ಕೊಂಡಿ, ಎತ್ತಲು ಹೈಡ್ರಾಲಿಕ್. 1936ರ ಫರ್ಗುಸನ್-ಬ್ರೌನ್ ಮತ್ತು 1939ರ ಫೋರ್ಡ್ 9ಎನ್ ಟ್ರಾಕ್ಟರುಗಳ ಮೂಲಕ ಇದು ಜಗತ್ತಿಗೆ ಹರಡಿತು. ಮದ್ರಾಸಿನಲ್ಲಿ 1960ರಲ್ಲಿ ಆರಂಭವಾದ ಟಾಫೆ ಕಂಪನಿ ತಯಾರಿಸಿದ ಮ್ಯಾಸ್ಸಿ ಫರ್ಗುಸನ್ ಟ್ರಾಕ್ಟರಿನಲ್ಲಿ ಅವರ ಹೆಸರೇ ಉಳಿದಿದೆ.

ಕೆಳಗಿನ ಎರಡು ಕೊಂಡಿಗಳು ಉಪಕರಣವನ್ನು ಎಳೆಯುತ್ತವೆ. ನೇಗಿಲು ಮಣ್ಣಿನಲ್ಲಿರುವಾಗ ಮೇಲಿನದು ಟ್ರಾಕ್ಟರನ್ನು ಮುಂದಕ್ಕೆ ನೂಕಿ, ಮುಂದಿನ ಗಾಲಿಗಳನ್ನು ನೆಲಕ್ಕೆ ಒತ್ತುತ್ತದೆ. ಮೇಲಿನ ಕೊಂಡಿಯನ್ನು ಗಿಡ್ಡ ಮಾಡಿದರೆ ಕುಳದ ಮೂತಿ ಬಾಗಿ ಮಣ್ಣಿಗೆ ಇಳಿಯುತ್ತದೆ.

ಮಗುಚುವುದು ಏಕೆ?

ಎಂಜಿನ್ ಹಿಂದಿನ ಅಚ್ಚನ್ನು ತಿರುಗಿಸುತ್ತದೆ. ಹಸಿ ಎರೆಯಲ್ಲಿ ಗಾಲಿ ಹೂತು ತಿರುಗದಿದ್ದರೆ ಟ್ರಾಕ್ಟರಿನ ಮೈಯೇ ಅಚ್ಚಿನ ಸುತ್ತ ತಿರುಗಲು ಹೊರಡುತ್ತದೆ, ಮೂತಿ ಮೇಲೇಳುತ್ತದೆ. ಭಾರವನ್ನು ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿದ್ದರೆ ಆ ಎಳೆತವೂ ಮೂತಿಯನ್ನೇ ಎತ್ತುತ್ತದೆ. ಪೂರ್ತಿ ಮಗುಚಲು ಎರಡು ಸೆಕೆಂಡು ಸಾಕು. ಕ್ಲಚ್ ತುಳಿಯುವಷ್ಟು ಸಮಯ ಸಿಗುವುದಿಲ್ಲ. ಆದ್ದರಿಂದ ಟ್ರೇಲರ್ ಇರಲಿ, ಮರದ ದಿಮ್ಮಿ ಇರಲಿ, ಅಚ್ಚಿಗಿಂತ ಕೆಳಗಿರುವ ಡ್ರಾಬಾರಿನಿಂದಲೇ ಎಳೆಯಿರಿ. ಮೇಲಿನ ಕೊಂಡಿಯ ಬ್ರಾಕೆಟ್ಟಿಗೆ ಸರಪಳಿ ಎಂದೂ ಕಟ್ಟಬೇಡಿ.

ಕೂಡಿಸುವ ಕ್ರಮ

1. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎರಡೂ ಟಯರುಗಳ ಗಾಳಿ ಸಮ ಮಾಡಿ, ಗಾಲಿಗಳಿಗೆ ಕಲ್ಲು ಕೊಡಿ.

2. ಅಚ್ಚಿನ ಕವಚದ ಮೇಲಿನ ಕೆಸರು, ಗ್ರೀಸು ಕೆರೆದು ನೋಡಿ. ಕಾರ್ಖಾನೆಯೇ ಕೊರೆದ ಮರೆಯುಳ್ಳ ತೂತುಗಳಿದ್ದರೆ ಬ್ರಾಕೆಟ್ಟುಗಳನ್ನು ಅಲ್ಲಿಯೇ ಕೂಡಿಸಿ. ಕವಚಕ್ಕೆ ನೇರವಾಗಿ ವೆಲ್ಡಿಂಗ್ ಬೇಡ. ಅದು ಬೀಡುಕಬ್ಬಿಣ, ಒಂದೇ ಕಡೆ ಕಾದು ತಣಿದರೆ ಬಿರಿಯುತ್ತದೆ.

3. ಕೆಳಗಿನ ಎರಡು ಕೊಂಡಿಗಳು ನೆಲದಿಂದ ಒಂದೇ ಎತ್ತರದಲ್ಲಿ, ಅಚ್ಚಿನ ನಡುವಿಗಿಂತ ಕೆಳಗಿರಲಿ. ಟಯರಿಗೆ ತಗುಲದಂತೆ ಪಕ್ಕದ ಸರಪಳಿಗಳನ್ನು ಬಿಗಿಯಿರಿ.

4. ತಲೆಯ ಮೇಲೆ 8.8 ಅಥವಾ ಹೆಚ್ಚಿನ ಅಂಕಿ ಇರುವ ಬೋಲ್ಟುಗಳನ್ನೇ ಹಾಕಿ. ಒಂದು ತಾಸು ಕೆಲಸವಾದ ಮೇಲೆ ಮತ್ತೆ ಬಿಗಿಯಿರಿ.

5. ಪಿನ್ನಿನ ಅಳತೆ ನೋಡಿ. ಒಂದನೇ ವರ್ಗದಲ್ಲಿ ಕೆಳಗಿನ ಪಿನ್ನು 22, ಮೇಲಿನದು 19 ಮಿಲಿಮೀಟರು. ತೀರ ಸಣ್ಣ ಟ್ರಾಕ್ಟರುಗಳ ಶೂನ್ಯ ವರ್ಗದಲ್ಲಿ ಎರಡೂ 16. ಪಿನ್ನಿನ ಬದಲು ಸಲಾಕೆಯ ತುಂಡು ತುರುಕಬೇಡಿ.

ಭಾರದ ಲೆಕ್ಕ

ಉದಾಹರಣೆಗೆ, ಟ್ರಾಕ್ಟರಿನ ತೂಕ 800 ಕಿಲೋ, ಅದರಲ್ಲಿ ಮುಂದಿನ ಗಾಲಿಗಳ ಮೇಲೆ 300, ಎರಡು ಅಚ್ಚುಗಳ ನಡುವೆ ಒಂದೂವರೆ ಮೀಟರು ಎಂದುಕೊಳ್ಳಿ. ಹಿಂದಿನ ಅಚ್ಚಿನಿಂದ ಒಂದು ಮೀಟರು ಆಚೆ 200 ಕಿಲೋ ಉಪಕರಣ ಎತ್ತಿದರೆ ಮುಂದಿನ ಭಾರದಲ್ಲಿ 133 ಕಿಲೋ ಕಡಿಮೆಯಾಗಿ 167 ಉಳಿಯುತ್ತದೆ. 300 ಕಿಲೋ ಎತ್ತಿದರೆ ಉಳಿಯುವುದು 100 ಮಾತ್ರ. ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಟ್ರಾಕ್ಟರಿನ ತೂಕದ ಐದನೇ ಒಂದು ಭಾಗ, ಇಲ್ಲಿ 160 ಕಿಲೋ, ಮುಂದೆ ಉಳಿಯಲೇಬೇಕು. ಉಳಿಯದಿದ್ದರೆ ಮುಂದುಗಡೆ ತೂಕ ಕಟ್ಟಿ, ಇಲ್ಲವೆ ಹಗುರ ಉಪಕರಣ ಆರಿಸಿ.

ಹೈಡ್ರಾಲಿಕ್ ಇಲ್ಲದ ಯಂತ್ರಕ್ಕೆ ಕೈಸನ್ನೆ ಹಾಕಿ ಎತ್ತುವುದಾದರೆ ಹಗುರವಾದ ಎಡೆಕುಂಟೆಗೆ ಮಾತ್ರ ಸಾಕು. ಎತ್ತಿದ ಉಪಕರಣದ ಕೆಳಗೆ ಕೈಯಿಕ್ಕುವ ಮೊದಲು ಮರದ ದಿಮ್ಮಿಯ ಆಸರೆ ಕೊಡಿ.

ಮೊದಲ ಪರೀಕ್ಷೆಯನ್ನು ಒಣ, ಸಮ ಹೊಲದಲ್ಲಿ, ಕಡಿಮೆ ಗೇರಿನಲ್ಲಿ ಮಾಡಿ. ಕ್ಲಚ್ಚನ್ನು ಮೆಲ್ಲಗೆ ಬಿಡಿ. ಹೂತ ಟ್ರಾಕ್ಟರನ್ನು ಎಂಜಿನ್ ಜೋರು ಮಾಡಿ ಮುಂದಕ್ಕೆ ಎಬ್ಬಿಸಲು ಹೋಗದೆ, ಉಪಕರಣ ಬಿಚ್ಚಿ ಹಿಂದಕ್ಕೆ ತೆಗೆಯಿರಿ. ಕೊಂಡಿಯ ಮೇಲೆ ಮಕ್ಕಳನ್ನು ನಿಲ್ಲಿಸಿಕೊಂಡು ಹೊಲಕ್ಕೆ ಹೋಗುವ ರೂಢಿಯಿದ್ದರೆ ಅದನ್ನು ಇಂದೇ ಬಿಡಿ.